ಹೊಸೂರಿನ ಕೈಗಾರಿಕಾ ವಲಯ: ಒಂದು ಗಡಿಗೆರೆಯ ಚರಿತ್ರೆ

ಗಡಿನಾಡಿನವರಾದ ನಮಗೆ ಗಡಿಯೆಂದರೆ ಅಗಲಿಕೆಯ ನೆನಪು. ಕನ್ನಡ, ತೆಲುಗು, ತಮಿಳು ಮೂರೂ ನುಡಿಗಳು ಕೂಡಿ ಬಾಳಿದ ಹೊಸೂರು ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಬೆಂಗಳೂರಾದರೋ ಸುಮಾರು 40 ಕಿಲೋಮೀಟರುಗಳ ಹಾದಿ. ನಮ್ಮನ್ನು ಬೇರ್ಪಡಿಸಿದ ಆ ಗೆರೆಯೇ ಈ ಊರಿಗೆ ಕೈಗಾರಿಕೆಯನ್ನು ಕರೆತಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಪೂರ್ವದಲ್ಲಿ ಇದು ರಾಗಿಯ ಹೊಲಗಳ ಸೀಮೆ. 1824ರಲ್ಲಿ ಆಂಗ್ಲರು ಸೈನ್ಯದ ಕುದುರೆಗಳಿಗಾಗಿ ಸ್ಥಾಪಿಸಿ, ಮುಂದೆ ಜಾನುವಾರು ಕ್ಷೇತ್ರವಾಗಿ ಮಾರ್ಪಟ್ಟ ಹುಲ್ಲುಗಾವಲು ಇದರ ಹೆಗ್ಗುರುತು. ಮೊರಪ್ಪೂರಿನ ಕಡೆಯಿಂದ 1913ರಲ್ಲಿ ಇಲ್ಲಿಗೆ ಬಂದ ಚಿಕ್ಕ ರೈಲು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋಯಿತು. ಇಂಥ ಒಣಭೂಮಿಯಲ್ಲಿ ಯಾರು ತಾನೆ ಬಂಡವಾಳ ಹೂಡಿಯಾರು?

1971ರಲ್ಲಿ ತಮಿಳುನಾಡು ಸರ್ಕಾರವು ಸಿಪ್ಕಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದು ಆ ದಶಕದಲ್ಲಿಯೇ ಹೊಸೂರಿನಲ್ಲಿ ನಿವೇಶನ, ನೀರು, ರಸ್ತೆ, ವಿದ್ಯುತ್ತುಗಳನ್ನು ಅಣಿಗೊಳಿಸಿತು. ಅಂದಿನ ಧರ್ಮಪುರಿ ಜಿಲ್ಲೆ ಹಿಂದುಳಿದುದಾದ್ದರಿಂದ ರಿಯಾಯಿತಿಗಳೂ ದೊರೆತವು. ಗಡಿಯಾಚೆಗೆ ಬೆಂಗಳೂರಿನ ಯಂತ್ರೋದ್ಯಮ, ನುರಿತ ಕೆಲಸಗಾರರು, ಮಾರುಕಟ್ಟೆ. ಈಚೆಗೆ ಅಗ್ಗದ ನೆಲ ಮತ್ತು ಸವಲತ್ತು. ಎರಡರ ಲಾಭವೂ ಒಂದೇ ಎಡೆಯಲ್ಲಿ ಸಿಕ್ಕಿತು. 1980ರಲ್ಲಿ ಅಶೋಕ್ ಲೇಲ್ಯಾಂಡಿನ ಕಾರ್ಖಾನೆಯೂ ಟಿವಿಎಸ್ ಮೊಪೆಡ್ಡೂ ಬಂದವು. 1984ರಲ್ಲಿ ಟಾಟಾ ಬಳಗವೂ ತಮಿಳುನಾಡಿನ ಸರ್ಕಾರಿ ನಿಗಮವೂ ಕೂಡಿ ಹುಟ್ಟುಹಾಕಿದ ಟೈಟನ್ ಸಂಸ್ಥೆಯ ಗಡಿಯಾರಗಳು ಇಲ್ಲಿಯೇ ತಯಾರಾದವು. ಇದೇ ಹೊಸೂರು ರಸ್ತೆಯ ಕರ್ನಾಟಕದ ಭಾಗದಲ್ಲಿ 1978ರಿಂದ ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು.

ಇಂದು ವಿಶೇಷ ಆರ್ಥಿಕ ವಲಯಗಳ ಮಾತು ಎಲ್ಲೆಡೆ ಕೇಳುತ್ತದೆ. ಸುಂಕದ ವಿನಾಯಿತಿಯಿಂದ ರಫ್ತನ್ನು ಬೆಳೆಸುವ ಈ ಕಲ್ಪನೆ ನಮ್ಮ ದೇಶದಲ್ಲಿ 1965ರ ಕಾಂಡ್ಲಾ ವಲಯದಿಂದ ಮೊದಲಾಗಿ 2005ರಲ್ಲಿ ಕಾನೂನಿನ ರೂಪ ತಾಳಿತು. ಹೊಸೂರಿನ ಮೊದಲ ವಲಯ ಆ ಬಗೆಯದಲ್ಲ; ಆದರೂ ಅದರ ಪಾಠ ಎಲ್ಲ ವಲಯಗಳಿಗೂ ಸಲ್ಲುತ್ತದೆ. ರಿಯಾಯಿತಿ ಕಾರ್ಖಾನೆಯನ್ನು ಕರೆಯಬಲ್ಲುದು; ಅದನ್ನು ನಿಲ್ಲಿಸಿಕೊಳ್ಳುವುದು ನೆರೆಹೊರೆಯ ಕಸುಬು ಮತ್ತು ವಿದ್ಯೆ.

ಟೈಟನ್ ಆರಂಭದಲ್ಲಿ ಹಳ್ಳಿಗಾಡಿನ ಶಾಲೆಗಳಲ್ಲಿ ಓದಿದ ಎಳೆಯರನ್ನೇ ಆರಿಸಿ, ಸೂಕ್ಷ್ಮ ಕೆಲಸದಲ್ಲಿ ಪಳಗಿಸಿತು. ಉಪಾಧ್ಯಾಯರಾದ ನಾವು ಇದನ್ನು ಮನಸ್ಸಿನಲ್ಲಿಡಬೇಕು. ನೆಲ ಒಮ್ಮೆ ಮಾರಿದರೆ ಮುಗಿಯಿತು. ಬಂದ ಹಣ ಮದುವೆ, ಮನೆಗಳಲ್ಲಿ ಕರಗಿದ ಮೇಲೆ ಆ ರೈತನ ಮಗನಿಗೆ ಉಳಿಯುವುದು ಶಾಲೆ ಕೊಟ್ಟ ಬಂಡವಾಳವೊಂದೇ. 2006ರ ಕಾನೂನಿನಂತೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾದ ಮೇಲೆ ನಮ್ಮ ಮಕ್ಕಳ ಹೊಣೆ ಹೆಚ್ಚಿದೆ. ರಾಜ್ಯದ ನುಡಿಯನ್ನು ಅವರು ಚೆನ್ನಾಗಿ ಕಲಿಯಲಿ. ಆದರೆ ಗಣಿತ ವಿಜ್ಞಾನಗಳು ಮನೆಮಾತಿನಲ್ಲಿ ಗಟ್ಟಿಯಾಗದೆ ಅಳತೆಯ ಕೆಲಸ ಕೈಗೆ ಹತ್ತದು. ಕಾರ್ಖಾನೆಯ ಬಾಗಿಲಲ್ಲಿ ನಮ್ಮ ಊರ ಹುಡುಗ ಕಾವಲುಗಾರನಾಗಿ ನಿಲ್ಲುವನೋ, ಯಂತ್ರದ ಮುಂದೆ ಕುಶಲಿಯಾಗಿ ನಿಲ್ಲುವನೋ ಎಂಬುದು ಬಹುಮಟ್ಟಿಗೆ ನಮ್ಮ ತರಗತಿಗಳಲ್ಲಿಯೇ ತೀರ್ಮಾನವಾಗುತ್ತದೆ.