ಕೈಯಿಂದ ಕಟ್ಟಿದ ಪಂದ್ಯದ ಕಾರುಗಳು

ಪಲ್ಲಾವರದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಶುಕ್ರವಾರದ ಸಂತೆ ಹೊಸದೇನಲ್ಲ. ಹೂವಿನ ಸಸಿಯಿಂದ ಮೊದಲ್ಗೊಂಡು ನಿಂತುಹೋದ ಗಡಿಯಾರದವರೆಗೆ ಅಲ್ಲಿ ದೊರೆಯದ ವಸ್ತುವಿಲ್ಲ. ಮೋಟಾರಿನ ಹಳೆಯ ಭಾಗಗಳ ರಾಶಿಯೆದುರು ನಿಂತಾಗಲೆಲ್ಲ, ಈ ನಗರದ ಬಡಗಣ ದಿಕ್ಕಿನ ಶೋಳವರಂ ನೆನಪಾಗುತ್ತದೆ.

ಶೋಳವರದಲ್ಲಿ ಎರಡನೆಯ ಮಹಾಯುದ್ಧದ ಕಾಲದ, ಟಿ ಅಕ್ಷರದ ಆಕಾರದ ವಿಮಾನದಾರಿಯೊಂದಿತ್ತು. 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ದಶಕಗಳ ಕಾಲ ಪಂದ್ಯಗಳನ್ನು ನಡೆಸಿದರು. 1990ರಲ್ಲಿ ಇರುಂಗಾಟ್ಟುಕೋಟ್ಟೈಯ ಹೊಸ ಪಥ ಸಿದ್ಧವಾಗಿ ಪಂದ್ಯಗಳು ಅತ್ತ ಸಾಗಿದವು. ಆಮೇಲೆ ಕಣ್ದೆರೆದ ನಾವು ಶೋಳವರದ ಸದ್ದನ್ನು ಕೇಳಿದವರಲ್ಲ. ಹಿರಿಯರ ಬಾಯಿಂದ ಕೇಳಿ ಬೆರಗಾದವರು.

ಆ ಕಾಲದಲ್ಲಿ ವಿದೇಶದಿಂದ ಕಾರು ತರಿಸುವುದು ಸುಲಭವಾಗಿರಲಿಲ್ಲ. ಅಂಬಾಸಿಡರ್, ಫಿಯೆಟ್, ಇಲ್ಲವೇ ನಮ್ಮ ಪಲ್ಲಾವರದಿಂದ ಮುಂದೆ ವಂಡಲೂರಿನ ಬಳಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಕೈಗೆಟುಕುತ್ತಿದ್ದವು ಇಷ್ಟೇ. ಹೀಗಾಗಿ ಉತ್ಸಾಹಿಗಳು ಊರ ಕಾರಿನ ಎಂಜಿನನ್ನು ಬಿಚ್ಚಿ, ಉಕ್ಕಿನ ಕೊಳವೆಗಳನ್ನು ಬೆಸೆದು ಚೌಕಟ್ಟು ಕಟ್ಟಿ, ಒಬ್ಬನೇ ಕೂರುವ, ಚಕ್ರಗಳಿಗೆ ಮರೆಯಿಲ್ಲದ ಗಾಡಿಯನ್ನು ತಾವೇ ನಿರ್ಮಿಸಿಕೊಂಡರು. ಬೆಂಗಳೂರಿನ ಸಿಪಾನಿಯವರು 1982ರಿಂದ ತಯಾರಿಸಿದ ಡಾಲ್ಫಿನ್ ಮುಚ್ಚುಗಾಡಿಯೇ ಆದರೂ, ಗಾಜುನಾರಿನ ಹಗುರ ಮೈಯಿಂದಾಗಿ ಪಂದ್ಯದವರಿಗೆ ಪ್ರಿಯವಾಯಿತು. ಮಾರುತಿ ಬಂದ ಮೇಲೆ ಸಂಸಾರಸ್ಥರು ಅದನ್ನು ಮರೆತರು. ಕನ್ನಡಿಗರಾದ ನಾವೂ ಮರೆತೆವೆಂಬುದೇ ಖೇದದ ವಿಷಯ.

1980ರ ದಶಕದ ಕೊನೆಯಲ್ಲಿ ಕೊಯಮತ್ತೂರಿನ ಕರಿವರ್ಧನರು ಮಾರುತಿ ಎಂಜಿನಿನ ಫಾರ್ಮುಲಾ ಮಾರುತಿ ಕಾರುಗಳನ್ನು ಒಂದೇ ಮಾದರಿಯಲ್ಲಿ ಕಟ್ಟಿದರು. ಅಂಥ ಕಾರಿನಲ್ಲಿ ಪಂದ್ಯಕ್ಕಿಳಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದರು. ಇದು ಎಲ್ಲರೂ ಬಲ್ಲ ಸಂಗತಿ.

ಆದರೆ ಅದಕ್ಕೂ ಮುಂಚಿನ ಒಂಟಿ ಗಾಡಿಗಳ ಗತಿಯೇನು? ಇಂಥವುಗಳ ಸ್ವಭಾವವೇ ವಿಚಿತ್ರ. ಈ ವರ್ಷದ ಎಂಜಿನು ಮುಂದಿನ ವರ್ಷ ಇನ್ನೊಂದು ಚೌಕಟ್ಟಿಗೆ, ಹಳೆಯ ಚೌಕಟ್ಟು ಗುಜರಿಗೆ. ಗೆಲ್ಲಲೆಂದು ಕಟ್ಟಿದವರು ಕಾಪಾಡಲೆಂದು ಕಟ್ಟಿರಲಿಲ್ಲ. ಕಳೆದುಹೋದ ಗಾಡಿಯನ್ನು ಕಣ್ಣಾರೆ ಕಾಣಬೇಕಾದರೆ ಅದನ್ನು ಮತ್ತೆ ಕಟ್ಟುವುದೊಂದೇ ದಾರಿ.

ಬೇರೆ ದೇಶಗಳಲ್ಲಿ ಈ ಕೆಲಸ ನಡೆದಿದೆ. 1924ರಲ್ಲಿ ಫ್ರಾನ್ಸಿನ ಲಿಯೋನ್ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಬುಗಾಟ್ಟಿ 35ನ್ನು ಅರ್ಜೆಂಟೀನದ ಪುರ್ ಸಾಂಗ್ ಕಾರ್ಯಾಗಾರದವರು ಇಂದಿಗೂ ಕೈಯಿಂದಲೇ ಕಟ್ಟುತ್ತಾರೆ. ಅದರ ಎಂಟು ಕಡ್ಡಿಗಳ ಅಲ್ಯೂಮಿನಿಯಂ ಚಕ್ರವೇ ಒಂದು ಸೊಗಸು. ಬ್ರೇಕಿನ ಡ್ರಮ್ಮೂ ಚಕ್ರದೊಡನೆ ಒಂದೇ ಎರಕದಲ್ಲಿ ಬರುತ್ತದೆ.

ಇಂಥ ಮೈಗಳನ್ನು ರೂಪಿಸುವ ವಿಧಾನ ಕೇಳುವಂತಿದೆ. ಅಲ್ಯೂಮಿನಿಯಂ ತಗಡನ್ನು ಕಾಯಿಸಿ ಮೆತ್ತಗಾಗಿಸಬೇಕು. ಆದರೆ ಕಾದ ಕಬ್ಬಿಣದಂತೆ ಅದು ಕೆಂಪಾಗುವುದಿಲ್ಲ, ಹದ ಮೀರಿದರೆ ಒಮ್ಮೆಗೇ ಕರಗಿ ಕುಸಿಯುತ್ತದೆ. ಕಸುಬಿನವರು ತಗಡಿಗೆ ಸಾಬೂನು ಉಜ್ಜುತ್ತಾರೆ. ಸಾಬೂನು ಕಪ್ಪಾದರೆ ಹದ ಬಂತೆಂದು ಅರ್ಥ! ಬಳಿಕ ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತಾರೆ. ಈ ಅರಿವು ಕೈಯಿಂದ ಕೈಗೆ ಬರಬೇಕು. ಕೈ ನಿಂತರೆ ಅದೂ ನಿಲ್ಲುತ್ತದೆ.

ಹೊಸದಾಗಿ ಕಟ್ಟಿದ್ದು ಖೋಟಾ ಅಲ್ಲವೇ ಎಂದು ಕೇಳುವವರುಂಟು. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನಮಗೆ ಈ ಭೇದ ದಿನವೂ ಎದುರಾಗುತ್ತದೆ. ತಾನು ಅಸಲೆಂದು ಸುಳ್ಳಾಡುವ ನೋಟು ಖೋಟಾ. ತಾನು ನಕಲೆಂದು ಮುದ್ರೆ ಹೊತ್ತ ದೃಢೀಕೃತ ಪ್ರತಿ ಖೋಟಾ ಅಲ್ಲ. ಕಟ್ಟಿದ ವರ್ಷವನ್ನೂ ಮೂಲದಿಂದ ಉಳಿದ ಭಾಗಗಳೆಷ್ಟೆಂಬುದನ್ನೂ ಬಹಿರಂಗವಾಗಿ ಹೇಳುವ ಗಾಡಿಗೆ ನಾವು ಯಾವ ಆಕ್ಷೇಪವನ್ನೂ ಎತ್ತಲಾರೆವು.

ಶೋಳವರದ ಗಾಡಿಗಳನ್ನು ಮತ್ತೆ ಕಟ್ಟಲು ಮೊದಲು ಬೇಕಾದುದು ಹಣವಲ್ಲ, ಅಳತೆ. ಪಕ್ಕದಿಂದ ತೆಗೆದ ಒಂದು ಒಳ್ಳೆಯ ಚಿತ್ರವಿದ್ದರೆ, ಚಕ್ರದ ಅಳತೆ ತಿಳಿದಿರುವುದರಿಂದ, ಉದ್ದ ಎತ್ತರಗಳನ್ನು ಲೆಕ್ಕಹಾಕಬಹುದು. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಆ ಪಂದ್ಯಗಳನ್ನು ನೋಡಲು ಹೋದವರು ಇದ್ದೇ ಇರಬೇಕು. ಮನೆಯ ಹಳೆಯ ಆಲ್ಬಮ್ಮಿನಲ್ಲಿ, ಮಕ್ಕಳ ಚಿತ್ರದ ಹಿಂದೆ ಅರ್ಧ ಕಾಣುವ ಗಾಡಿಯಾದರೂ ಸರಿಯೇ, ಚಿತ್ರದ ಬೆನ್ನಿಗೆ ವರ್ಷವನ್ನೂ ಗಾಡಿ ಕಟ್ಟಿದವರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದು, ಸಂಘದ ಕಾರ್ಯದರ್ಶಿಗಳಿಗೆ ಒಮ್ಮೆ ತೋರಿಸಬೇಕೆಂದು ಪ್ರಾರ್ಥಿಸುತ್ತೇವೆ.