ಬಾಗಿಲಾಚೆ ಕುಳಿತು ಕೇಳಿದ ಬೋಧಕ

ಅದು 1906ರ ಆರಂಭ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಚಾರ್ಲ್ಸ್ ಪರ್‌ಹಾಮ್ ಎಂಬ ಬಿಳಿಯ ಬೋಧಕ ಒಂದು ಬೈಬಲ್ ಶಾಲೆ ನಡೆಸುತ್ತಿದ್ದ. ಕರಿಯರೂ ಬಿಳಿಯರೂ ಒಂದೇ ಕೋಣೆಯಲ್ಲಿ ಕುಳಿತು ಕಲಿಯುವುದನ್ನು ಟೆಕ್ಸಾಸ್‌ನ ಕಟ್ಟಳೆ ಒಪ್ಪುತ್ತಿರಲಿಲ್ಲ. ಹೀಗಾಗಿ ಪಾಠ ಕೇಳಲು ಬಂದ ಒಬ್ಬ ಕರಿಯ ಬೋಧಕನಿಗೆ ಕೋಣೆಯ ಹೊರಗೆ ಜಾಗ ಸಿಕ್ಕಿತು. ಅರೆತೆರೆದ ಬಾಗಿಲಿನಿಂದ ಕಿವಿಗೆ ಬಿದ್ದಷ್ಟೇ ಅವನ ಪಾಲಿನ ವಿದ್ಯೆ. ಆತ ವಿಲಿಯಂ ಸೇಮೂರ್. ಇಂದು ಜಗತ್ತಿನಾದ್ಯಂತ ಕೋಟಿಗಟ್ಟಲೆ ಅನುಯಾಯಿಗಳಿರುವ ಪೆಂತೆಕೋಸ್ತ್ ಪಂಥ ಹಬ್ಬಿದ್ದು ಮುಖ್ಯವಾಗಿ ಈ ಮನುಷ್ಯನಿಂದ.

ಪೆಂತೆಕೋಸ್ತ್ ಎಂಬ ಗ್ರೀಕ್ ಮಾತಿಗೆ ಐವತ್ತನೆಯದು ಎಂದರ್ಥ. ಕನ್ನಡ ಬೈಬಲ್ಲಿನಲ್ಲಿ ಅದು ಪಂಚಾಶತ್ತಮ. ಯೇಸು ಪುನರುತ್ಥಾನಗೊಂಡ ಬಳಿಕ ಬಂದ ಆ ಹಬ್ಬದಂದು ಶಿಷ್ಯರ ಮೇಲೆ ಪವಿತ್ರಾತ್ಮ ಇಳಿಯಿತು, ಅವರು ತಾವರಿಯದ ಭಾಷೆಗಳಲ್ಲಿ ಮಾತಾಡಿದರು ಎಂಬುದು ನಂಬಿಕೆ. ಆ ವರ ಈಗಲೂ ದೊರೆಯುತ್ತದೆ, ಅನ್ಯಭಾಷೆಯೇ ಅದರ ಗುರುತು, ಪ್ರಾರ್ಥನೆಯಿಂದ ರೋಗವೂ ವಾಸಿಯಾಗುತ್ತದೆ ಎಂದು ಪರ್‌ಹಾಮ್ ಬೋಧಿಸುತ್ತಿದ್ದ.

ಸೇಮೂರ್ ಹುಟ್ಟಿದ್ದು 1870ರಲ್ಲಿ, ಲೂಯಿಸಿಯಾನಾದ ಸೆಂಟರ್‌ವಿಲ್‌ನಲ್ಲಿ. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು. ಬೆಳೆದ ಮೇಲೆ ಉತ್ತರದ ನಗರಗಳಿಗೆ ಹೋಗಿ ಹೋಟೆಲುಗಳಲ್ಲಿ ಮಾಣಿಯಾಗಿ ದುಡಿದ. ಸಿಡುಬು ತಗುಲಿ ಒಂದು ಕಣ್ಣು ಹೋಯಿತು. ಬದುಕುಳಿದವನು ಬೋಧಕನಾದ.

ಹ್ಯೂಸ್ಟನ್‌ನಲ್ಲಿದ್ದಾಗಲೇ ಲಾಸ್ ಏಂಜಲಿಸ್‌ನ ಕರಿಯರ ಸಣ್ಣ ಸಭೆಯೊಂದರಿಂದ ಆತನಿಗೆ ಕರೆ ಬಂತು. 1906ರ ಫೆಬ್ರವರಿಯಲ್ಲಿ ಆತ ಅಲ್ಲಿಗೆ ತಲುಪಿದ. ಅನ್ಯಭಾಷೆಯ ವರ ಸ್ವತಃ ತನಗೇ ಇನ್ನೂ ಸಿಕ್ಕಿರದಿದ್ದರೂ ಅದನ್ನೇ ಬೋಧಿಸಿದ. ಸಭೆಯ ಹಿರಿಯರಿಗೆ ಅದು ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ಬಾಗಿಲಿಗೆ ಬೀಗ ಬಿತ್ತು.

ಕೈಯಲ್ಲಿ ಕಾಸಿಲ್ಲದ ಸೇಮೂರ್‌ಗೆ ಆಸರೆ ಕೊಟ್ಟವರು ಕೂಲಿನಾಲಿ ಮಾಡಿ ಬದುಕುತ್ತಿದ್ದ ಕರಿಯ ಕುಟುಂಬಗಳು. ಬಾನಿ ಬ್ರೇ ಬೀದಿಯ ಮನೆಯೊಂದರಲ್ಲಿ ಪ್ರಾರ್ಥನೆ ನಡೆಯತೊಡಗಿತು. ಏಪ್ರಿಲ್ 9ರಂದು ಅಲ್ಲಿ ಕೆಲವರು ಅನ್ಯಭಾಷೆಯಲ್ಲಿ ಮಾತಾಡಿದರು. ಮೂರು ದಿನಗಳ ನಂತರ ಸೇಮೂರ್‌ಗೂ ಆ ಅನುಭವವಾಯಿತು. ಸುದ್ದಿ ಹಬ್ಬಿ ಜನ ನೆರೆದರು, ಮನೆ ಸಾಲದಾಯಿತು. ಆಗ ಅಜೂಸಾ ಬೀದಿಯ 312ನೇ ನಂಬರಿನ ಪಾಳು ಕಟ್ಟಡ ಬಾಡಿಗೆಗೆ ಸಿಕ್ಕಿತು. ಮೊದಲು ಕರಿಯರ ಚರ್ಚಾಗಿದ್ದ ಅದು ಆಮೇಲೆ ಕುದುರೆ ಲಾಯವೂ ಉಗ್ರಾಣವೂ ಆಗಿತ್ತು. ಮೊಳೆಯ ಪೀಪಾಯಿಗಳ ಮೇಲೆ ಹಲಗೆ ಹಾಸಿದರೆ ಅದೇ ಆಸನ. ಒಂದರ ಮೇಲೊಂದಿಟ್ಟ ಎರಡು ಮರದ ಪೆಟ್ಟಿಗೆಗಳೇ ಬೋಧನಾಪೀಠ. ಸೇಮೂರ್ ಎಷ್ಟೋ ಹೊತ್ತು ಆ ಪೆಟ್ಟಿಗೆಯೊಳಗೆ ತಲೆಯಿಟ್ಟು ಪ್ರಾರ್ಥಿಸುತ್ತಿದ್ದನೆಂದು ಕಂಡವರು ಬರೆದಿದ್ದಾರೆ.

ಏಪ್ರಿಲ್ 18ರಂದು ಊರಿನ ಪತ್ರಿಕೆ ಈ ಸಭೆಯನ್ನು ಗೇಲಿ ಮಾಡಿ ಬರೆಯಿತು. ಅದೇ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಭೂಕಂಪ ನೆಲಸಮ ಮಾಡಿತು. ಪ್ರಳಯ ಬಂತೆಂದು ಬೆದರಿದವರೂ ಗೇಲಿ ಓದಿ ಕುತೂಹಲಗೊಂಡವರೂ ಅಜೂಸಾ ಬೀದಿಗೆ ಬಂದರು. ಸುಮಾರು ಮೂರು ವರ್ಷ ದಿನವೂ ಸಭೆ ನಡೆಯಿತು. ಕಾಣಿಕೆಯ ತಟ್ಟೆ ತಿರುಗಿಸುತ್ತಿರಲಿಲ್ಲ, ಬಾಗಿಲ ಬಳಿ ಒಂದು ಡಬ್ಬಿ ಮಾತ್ರ ಇತ್ತು. ವಾಸಿಯಾದೆವು ಎಂದವರು ಬಿಟ್ಟುಹೋದ ಊರುಗೋಲುಗಳು ಗೋಡೆಯ ಮೇಲಿದ್ದವು. ಸೇಮೂರ್ ಕಳೆದುಕೊಂಡಿದ್ದ ಕಣ್ಣು ಮಾತ್ರ ಮರಳಲಿಲ್ಲ.

ಆದರೆ ಆ ಕಾಲದ ಅಮೆರಿಕಕ್ಕೆ ಊರುಗೋಲುಗಳಿಗಿಂತ ದೊಡ್ಡ ಸೋಜಿಗ ಬೇರೊಂದಿತ್ತು. ಅಲ್ಲಿ ಕರಿಯರು, ಬಿಳಿಯರು, ಮೆಕ್ಸಿಕನ್ನರು ಒಂದೇ ಹಲಗೆಯ ಮೇಲೆ ಕೂರುತ್ತಿದ್ದರು. ಹೆಂಗಸರೂ ಬೋಧಿಸುತ್ತಿದ್ದರು. ಉತ್ತರ ಕೆರೊಲಿನಾದಿಂದ ಬಂದ ಕ್ಯಾಶ್‌ವೆಲ್ ಎಂಬ ಬಿಳಿಯ ಬೋಧಕ, ಕರಿಯ ಯುವಕನೊಬ್ಬ ತನ್ನ ತಲೆಯ ಮೇಲೆ ಕೈಯಿಟ್ಟಾಗ ಮುದುಡಿಕೊಂಡ. ಆಮೇಲೆ ಮನಸ್ಸಿನೊಡನೆ ಹೋರಾಡಿ, ಕರಿಯರ ಕೈಗಳೇ ತನ್ನ ತಲೆಯ ಮೇಲಿರಲೆಂದು ಕೇಳಿಕೊಂಡ.

ಎಲ್ಲರೂ ಹಾಗೆ ಬದಲಾಗಲಿಲ್ಲ. 1906ರ ಅಕ್ಟೋಬರ್‌ನಲ್ಲಿ ಶಿಷ್ಯನ ಸಭೆ ನೋಡಲು ಬಂದ ಪರ್‌ಹಾಮ್, ಎರಡು ಬಣ್ಣದವರು ಬೆರೆತದ್ದನ್ನು ಕಂಡು ಹೇಸಿ ಖಂಡಿಸಿದ. ಹಿರಿಯರು ಒಪ್ಪದಿದ್ದಾಗ ಅದೇ ಊರಲ್ಲಿ ಪ್ರತ್ಯೇಕ ಸಭೆ ಹೂಡಿದ. 1908ರಲ್ಲಿ ಸೇಮೂರ್ ಜೆನ್ನಿ ಮೂರ್ ಎಂಬಾಕೆಯನ್ನು ಮದುವೆಯಾದ. ಆ ಬಳಿಕ ಸಭೆಯ ಪತ್ರಿಕೆಯನ್ನು ನೋಡಿಕೊಳ್ಳುತ್ತಿದ್ದ ಕ್ಲಾರಾ ಲಮ್ ಚಂದಾದಾರರ ವಿಳಾಸಗಳ ಸಮೇತ ಪೋರ್ಟ್‌ಲೆಂಡ್ ಸೇರಿದಳು. ಹತ್ತಾರು ಸಾವಿರ ಓದುಗರೊಡನೆ ಸೇಮೂರ್‌ಗಿದ್ದ ನಂಟು ಕಡಿದುಹೋಯಿತು. 1911ರಲ್ಲಿ ವಿಲಿಯಂ ಡರ್‌ಹಾಮ್ ಎಂಬ ಬಿಳಿಯ ಬೋಧಕ ಸೇಮೂರ್ ಊರಲ್ಲಿಲ್ಲದಾಗ ಭಿನ್ನ ಸಿದ್ಧಾಂತ ಸಾರಿ ಜನರನ್ನು ಸೆಳೆದುಕೊಂಡ. ಮರಳಿ ಬಂದ ಸೇಮೂರ್ ಈ ಸಲ ತಾನೇ ಬಾಗಿಲಿಗೆ ಬೀಗ ಹಾಕಿದ.

1914ರಲ್ಲಿ ಬಹುಮಟ್ಟಿಗೆ ಬಿಳಿಯರೇ ಸೇರಿ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಸಂಸ್ಥೆ ಕಟ್ಟಿಕೊಂಡರು. ಮರುವರ್ಷ ಸೇಮೂರ್ ಬರೆದ ನಿಯಮಾವಳಿ ಆಡಳಿತದ ಹುದ್ದೆಗಳನ್ನು ಬಿಳಿಯರಲ್ಲದವರಿಗೇ ಮೀಸಲಿಟ್ಟಿತು. ಎಲ್ಲರನ್ನೂ ಒಳಗೆ ಕರೆದವನು ನೊಂದು ಎಳೆದ ಗೆರೆ ಅದು. ಪ್ರೀತಿಯಿಲ್ಲದ ಅನ್ಯಭಾಷೆ ಪವಿತ್ರಾತ್ಮದ ಗುರುತಲ್ಲ ಎಂಬ ನಿಲುವಿಗೂ ಆತ ಬಂದಿದ್ದ. 1922ರ ಸೆಪ್ಟೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಸಭೆಯಲ್ಲಿ ಉಳಿದಿದ್ದವರು ಬೆರಳೆಣಿಕೆಯ ಜನ. ಮೂರೇ ತಿಂಗಳಲ್ಲಿ, 1923ರ ಹೊಸವರ್ಷದಂದು, ಅದೇ ಊರಿನಲ್ಲಿ ಏಮಿ ಮ್ಯಾಕ್‌ಫರ್ಸನ್ ಎಂಬ ಬಿಳಿಯ ಬೋಧಕಿಯ 5,300 ಆಸನಗಳ ಭವ್ಯ ಮಂದಿರ ತೆರೆಯಿತು. ಅಜೂಸಾ ಬೀದಿಯ ಕಟ್ಟಡವನ್ನು 1931ರಲ್ಲಿ ಕೆಡವಲಾಯಿತು.

ಆ ಕಟ್ಟಡದಿಂದ ಹೊರಟವರು ಭಾರತಕ್ಕೂ ಬಂದಿದ್ದರು. ಗಾರ್ ದಂಪತಿ 1907ರಲ್ಲಿ ಕಲ್ಕತ್ತಾದಲ್ಲಿ ಬೋಧಿಸಿದರು. ಆದರೆ ಇಂಥದೇ ಉಜ್ಜೀವನ ಭಾರತದಲ್ಲಿ 1905ರಲ್ಲೇ, ಪುಣೆಗೆ ಸಮೀಪದ ಕೇಡಗಾವಿನ ಮುಕ್ತಿ ಸದನದಲ್ಲಿ ಕಾಣಿಸಿಕೊಂಡಿತ್ತು. ಅದನ್ನು ನಡೆಸುತ್ತಿದ್ದವರು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಎಂದರೆ ಈ ಪಂಥದ ಮೂಲವನ್ನು ಬಿಳಿಯರ ಶಾಲೆಯಲ್ಲಷ್ಟೇ ಹುಡುಕಿದರೆ ಸಾಲದು.

ಅಮೆರಿಕದ ಪೆಂತೆಕೋಸ್ತ್ ಸಭೆಗಳು 1948ರಲ್ಲಿ ಒಕ್ಕೂಟ ರಚಿಸಿಕೊಂಡಾಗ ಅದರಲ್ಲಿ ಕರಿಯರ ಸಭೆಗಳಿಗೆ ಸ್ಥಾನವಿರಲಿಲ್ಲ. 1994ರ ಅಕ್ಟೋಬರ್‌ನಲ್ಲಿ ಮೆಂಫಿಸ್‌ನಲ್ಲಿ ನೆರೆದ ಅದರ ನಾಯಕರು ಒಕ್ಕೂಟವನ್ನು ವಿಸರ್ಜಿಸಿ, ಎರಡೂ ಕಡೆಯವರು ಕೂಡಿದ ಹೊಸ ಒಕ್ಕೂಟಕ್ಕೆ ಒಪ್ಪಿದರು. ಆ ಸಭೆಯಲ್ಲಿ ಬಿಳಿಯ ಬೋಧಕನೊಬ್ಬ ಕಣ್ಣೀರಿಡುತ್ತ ಕರಿಯ ಬಿಷಪ್ಪರ ಪಾದ ತೊಳೆದ. ಅಜೂಸಾ ಬೀದಿಯ ಅನ್ಯಭಾಷೆಯೂ ರೋಗಶಮನವೂ ಕೆಲವೇ ವರ್ಷಗಳಲ್ಲಿ ಲೋಕ ಸುತ್ತಿದ್ದವು. ಸೇಮೂರ್ ಹಾಸಿದ ಹಲಗೆಯ ಮೇಲೆ ಜೊತೆಯಾಗಿ ಕೂರುವುದಕ್ಕೆ ಅವರಿಗೆ 88 ವರ್ಷ ಬೇಕಾಯಿತು.