ಬುಚ್ ಓಹೇರ್: ಆ ಗುಂಡು ಯಾರದು?

ಷಿಕಾಗೊ, ಡೆಟ್ರಾಯ್ಟ್ ಸುತ್ತಲಿನ ಕನ್ನಡ ಕುಟುಂಬಗಳಲ್ಲಿ ಓಹೇರ್ ವಿಮಾನ ನಿಲ್ದಾಣವನ್ನು ಅರಿಯದವರು ವಿರಳ. ಅಲ್ಲಿನ ಎರಡನೆಯ ಟರ್ಮಿನಲ್‌ನಲ್ಲಿ ಇರಿಸಿದ ಹಳೆಯ ವೈಲ್ಡ್‌ಕ್ಯಾಟ್ ಯುದ್ಧವಿಮಾನವನ್ನು ಕೆಲವರಾದರೂ ಕಂಡಿರಬಹುದು. ಅದು ಓಹೇರ್ ಹಾರಿಸಿದ ವಿಮಾನವಲ್ಲ. ಮಿಷಿಗನ್ ಸರೋವರದ ತಳದಿಂದ ಮೇಲೆತ್ತಿ, ಅವರ ವಿಮಾನದ ಗುರುತುಗಳನ್ನು ಬರೆದದ್ದು. ಯುದ್ಧಕಾಲದಲ್ಲಿ ಆ ಸರೋವರದ ಮೇಲೆ ಎರಡು ಹಡಗುಗಳಲ್ಲಿ ನೌಕಾ ವೈಮಾನಿಕರು ಇಳಿಯುವ ಅಭ್ಯಾಸ ನಡೆಸುತ್ತಿದ್ದರು. ಅವುಗಳಲ್ಲೊಂದಾದ ‘ಸೇಬಲ್’ ಅದಕ್ಕೂ ಮೊದಲು ಬಫಲೋ-ಡೆಟ್ರಾಯ್ಟ್ ನಡುವಿನ ಪ್ರಯಾಣಿಕರ ಹಡಗಾಗಿತ್ತು.

ನಿಲ್ದಾಣದ ಮೊದಲ ಹೆಸರು ಆರ್ಚರ್ಡ್ ಪ್ಲೇಸ್. ನಮ್ಮ ಟಿಕೆಟ್ಟುಗಳ ಮೇಲಿನ ‘ಓಆರ್‌ಡಿ’ ಅದರ ಉಳಿಕೆ. 1949ರಲ್ಲಿ ಅದಕ್ಕೆ ಎಡ್ವರ್ಡ್ ‘ಬುಚ್’ ಓಹೇರ್ ಅವರ ಹೆಸರಿಟ್ಟರು. 1942ರ ಫೆಬ್ರವರಿ 20ರಂದು ‘ಲೆಕ್ಸಿಂಗ್ಟನ್’ ಹಡಗಿನ ಮೇಲೆರಗಿದ ಜಪಾನೀ ಬಾಂಬರುಗಳನ್ನು ಬಹುಮಟ್ಟಿಗೆ ಒಬ್ಬರೇ ಎದುರಿಸಿ, ಮೆಡಲ್ ಆಫ್ ಆನರ್ ಪಡೆದವರು ಅವರು.

ಅವರ ಅಂತ್ಯ ಮಾತ್ರ ಬಹುಕಾಲ ಸಂಶಯದ ಮಬ್ಬಿನಲ್ಲಿ ಉಳಿಯಿತು. 1943ರ ನವೆಂಬರ್ 26ರ ರಾತ್ರಿ, ಗಿಲ್ಬರ್ಟ್ ದ್ವೀಪಗಳ ಬಳಿ ‘ಎಂಟರ್‌ಪ್ರೈಸ್’ ಹಡಗಿನಿಂದ ಮೂರು ವಿಮಾನಗಳು ಹೊರಟವು: ರೇಡಾರ್ ಹೊತ್ತ ಒಂದು ಅವೆಂಜರ್, ರೇಡಾರ್ ಇಲ್ಲದ ಎರಡು ಹೆಲ್‌ಕ್ಯಾಟ್. ಹಡಗಿನಿಂದ ಇಂಥ ರಾತ್ರಿಬೇಟೆ ಆಗಿನ್ನೂ ಹೊಸ ಪ್ರಯೋಗ. ಅವೆಂಜರ್ ಎರಡು ಶತ್ರುವಿಮಾನಗಳನ್ನು ಕೆಡವಿತು. ಬಳಿಕ ಕತ್ತಲಲ್ಲಿ ಒಂದುಗೂಡಲು ದೀಪ ಹೊತ್ತಿಸಲೇಬೇಕಾಯಿತು. ಆಗ ಹಿಂದಿನಿಂದ ಮತ್ತೊಂದು ವಿಮಾನ ಸಾಲಿನೊಳಗೆ ನುಸುಳಿತು. ಅವೆಂಜರಿನ ಗನ್ನರ್, ಇಪ್ಪತ್ತರ ಹರೆಯದ ಆಲ್ವಿನ್ ಕೆರ್ನನ್, ಅದರತ್ತ ಗುಂಡು ಹಾರಿಸಿದರು, ಶತ್ರುವೂ ಹಾರಿಸಿದ. ಕ್ಷಣಾರ್ಧದಲ್ಲಿ ಓಹೇರ್ ಅವರ ವಿಮಾನ ಸಾಲು ಬಿಟ್ಟು ಕತ್ತಲಲ್ಲಿ ಜಾರಿಹೋಯಿತು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಎಷ್ಟು ಹುಡುಕಿದರೂ ಕುರುಹು ಸಿಗಲಿಲ್ಲ.

ಸ್ವಪಕ್ಷದವರ ಗುಂಡಿಗೇ ಬಲಿಯಾಗುವುದನ್ನು ಇಂಗ್ಲಿಷಿನಲ್ಲಿ ‘ಫ್ರೆಂಡ್ಲಿ ಫೈರ್’ ಎನ್ನುತ್ತಾರೆ. ಗುಂಡಿಗೂ ಸ್ನೇಹಕ್ಕೂ ಗಂಟು ಹಾಕಿದ ವಿಚಿತ್ರ ಮಾತು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮ್‌ನಲ್ಲಿ ಭಾರತೀಯ ವಾಯುಪಡೆಯ ಕ್ಷಿಪಣಿಯೇ ಅದರ ಹೆಲಿಕಾಪ್ಟರನ್ನು ಉರುಳಿಸಿ, ಅದರೊಳಗಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ವಾಯುಪಡೆ ಆ ತಪ್ಪನ್ನು ಅದೇ ವರ್ಷ ಒಪ್ಪಿಕೊಂಡಿತು. ಓಹೇರ್ ಪ್ರಸಂಗದಲ್ಲಿ ಒಪ್ಪಿಕೊಳ್ಳುವುದಕ್ಕಾಗಲೀ ಅಲ್ಲಗಳೆಯುವುದಕ್ಕಾಗಲೀ ಕೈಯಲ್ಲಿ ಏನೂ ಇರಲಿಲ್ಲ. ಕೆರ್ನನ್ ಅವರೇ ನಾಯಕನನ್ನು ಕೊಂದರೆಂಬ ವದಂತಿ ಮಾತ್ರ ಉಳಿಯಿತು.

ಕೆರ್ನನ್ ಯುದ್ಧದಿಂದ ಮರಳಿ ಸಾಹಿತ್ಯ ಓದಿದರು. ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾದರು. ಸ್ಟೀವ್ ಯೂಯಿಂಗ್ ಮತ್ತು ಜಾನ್ ಲಂಡ್‌ಸ್ಟ್ರಮ್ ಎಂಬ ಇತಿಹಾಸಕಾರರು 1997ರಲ್ಲಿ ಓಹೇರ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಆ ರಾತ್ರಿಯ ಘಟನೆಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಅವರು, ಓಹೇರ್ ಅವರಿಗೆ ತಗುಲಿದ್ದು ಬಹುಮಟ್ಟಿಗೆ ಜಪಾನೀ ಬಾಂಬರಿನ ಮೂತಿಯಿಂದ ಹಾರಿದ ಗುಂಡು ಎಂಬ ನಿರ್ಣಯಕ್ಕೆ ಬಂದರು. ಆ ವೇಳೆಗೆ ಐವತ್ತನಾಲ್ಕು ವರ್ಷಗಳು ಕಳೆದಿದ್ದವು; ಕೆರ್ನನ್ ಎಪ್ಪತ್ತು ದಾಟಿದ್ದರು.